ಗೋಡೆಯಲ್ಲಿ ಉಳಿದುಹೋಗುವ ಇಂಧನ: ಬೆರಿಲಿಯಮ್ ಸಂಶೋಧನೆಯ ಒಂದು ವಿಮರ್ಶೆ

ಬೈಜಿಕ ಸಮ್ಮಿಲನದ ಪಾಠ ಬಂದಾಗ ತರಗತಿಯಲ್ಲಿ ತಪ್ಪದೆ ಕೇಳಿಬರುವ ಮಾತೊಂದಿದೆ: ಇದರ ಇಂಧನ ಸಮುದ್ರದ ನೀರಿನಲ್ಲಿದೆ, ಅದು ಮುಗಿಯುವುದೇ ಇಲ್ಲ. ನೀವು ಅಧ್ಯಾಪಕರಾಗಿದ್ದರೆ ಇದನ್ನು ಹೇಳಿರುತ್ತೀರಿ. ವಿದ್ಯಾರ್ಥಿಯಾಗಿದ್ದರೆ ಉತ್ತರ ಪತ್ರಿಕೆಯಲ್ಲಿ ಬರೆದಿರುತ್ತೀರಿ. ಡ್ಯೂಟೀರಿಯಮ್ ಮಟ್ಟಿಗೆ ಈ ಮಾತು ನಿಜ. ಸಮುದ್ರದ ನೀರಿನಲ್ಲಿ ಸುಮಾರು 6400 ಹೈಡ್ರೊಜನ್ ಪರಮಾಣುಗಳಿಗೆ ಒಂದರಂತೆ ಡ್ಯೂಟೀರಿಯಮ್ ಇದೆ. ಆದರೆ ಈಗ ಕಟ್ಟುತ್ತಿರುವ ಐಟರ್ ಮತ್ತು ಅದರ ಮುಂದಿನ ಬಹುಪಾಲು ರಿಯಾಕ್ಟರುಗಳು ಉರಿಸಲಿರುವುದು ಡ್ಯೂಟೀರಿಯಮ್ ಮತ್ತು ಟ್ರಿಟಿಯಮ್‌ಗಳ ಮಿಶ್ರಣವನ್ನು. ಟ್ರಿಟಿಯಮ್ ವಿಕಿರಣಶೀಲ, ಅದರ ಅರ್ಧಾಯು 12.3 ವರ್ಷ. ಆದ್ದರಿಂದ ನಿಸರ್ಗದಲ್ಲಿ ಅದರ ಸಂಗ್ರಹ ಎಂಬುದು ಇಲ್ಲ.

ಒಂದು ಲೆಕ್ಕ ಮಾಡೋಣ. ಪಿಯುಸಿ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಅಭ್ಯಾಸ. ಒಂದು ಡ್ಯೂಟೀರಿಯಮ್ ಬೀಜ ಮತ್ತು ಒಂದು ಟ್ರಿಟಿಯಮ್ ಬೀಜ ಕೂಡಿದಾಗ 17.6 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್, ಅಂದರೆ 2.82 × 10⁻¹² ಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಸಾವಿರ ಮೆಗಾವಾಟ್ ಸಮ್ಮಿಲನ ಶಕ್ತಿಯನ್ನು ಒಂದು ವರ್ಷ ಎಡೆಬಿಡದೆ ಪಡೆಯಬೇಕಾದರೆ ಸುಮಾರು 1.1 × 10²⁸ ಟ್ರಿಟಿಯಮ್ ಪರಮಾಣುಗಳು ಬೇಕು. ಇದನ್ನು ಅವೊಗ್ಯಾಡ್ರೊ ಸಂಖ್ಯೆಯಿಂದ ಭಾಗಿಸಿ 3ರಿಂದ ಗುಣಿಸಿ. ಸುಮಾರು 56 ಕಿಲೋಗ್ರಾಂ ಬರುತ್ತದೆ. ನಾಗರಿಕ ಬಳಕೆಗೆ ಜಗತ್ತಿನಲ್ಲಿ ಲಭ್ಯವಿರುವ ಟ್ರಿಟಿಯಮ್ ಮೂವತ್ತು ಕಿಲೋಗ್ರಾಂ ಆಸುಪಾಸಿನದು. ಅದರಲ್ಲಿ ಹೆಚ್ಚಿನ ಪಾಲು ಕೆನಡಾದ ಭಾರಜಲ ರಿಯಾಕ್ಟರುಗಳ ಉಪೋತ್ಪನ್ನ. ಸಮ್ಮಿಲನ ರಿಯಾಕ್ಟರು ತನ್ನ ಟ್ರಿಟಿಯಮ್ಮನ್ನು ತಾನೇ ಲಿಥಿಯಮ್‌ನಿಂದ ತಯಾರಿಸಿಕೊಳ್ಳಬೇಕು, ತಯಾರಿಸಿದ್ದನ್ನು ಕಳೆದುಕೊಳ್ಳಲೂ ಬಾರದು.

ಎಲ್ಲಿ ಕಳೆದುಹೋಗುತ್ತದೆ? ಗೋಡೆಯಲ್ಲಿ. ಹತ್ತು ಕೋಟಿ ಡಿಗ್ರಿಯ ಪ್ಲಾಸ್ಮಾವನ್ನು ಕಾಂತಕ್ಷೇತ್ರ ಹಿಡಿದಿಡುತ್ತದೆ ಎನ್ನುವಾಗ ಅದು ಗೋಡೆಯನ್ನು ಮುಟ್ಟುವುದೇ ಇಲ್ಲ ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿ ಮೂಡುತ್ತದೆ. ಪಠ್ಯಪುಸ್ತಕದ ಚಿತ್ರಗಳೂ ಹಾಗೆಯೇ ಇರುತ್ತವೆ. ವಾಸ್ತವದಲ್ಲಿ ಪ್ಲಾಸ್ಮಾದ ಅಂಚು ಸದಾ ಸೋರುತ್ತಿರುತ್ತದೆ. ಹೈಡ್ರೊಜನ್ ಸಮಸ್ಥಾನಿಗಳ ಅಯಾನುಗಳು ಗೋಡೆಗೆ ಬಡಿಯುತ್ತವೆ. ಕೆಲವು ಮರಳುತ್ತವೆ, ಕೆಲವು ಒಳಗೆ ಹೂತುಕೊಳ್ಳುತ್ತವೆ, ಕೆಲವು ಗೋಡೆಯ ಪರಮಾಣುಗಳನ್ನೇ ಕಿತ್ತು ಹೊರಗೆ ಚಿಮ್ಮಿಸುತ್ತವೆ. ಈ ವ್ಯವಹಾರವನ್ನು ಅರಿಯಲು ಮೂರು ದಶಕಗಳಿಗೂ ಹೆಚ್ಚು ಕಾಲ ನಡೆದ ಸಂಶೋಧನೆಯ ಕೇಂದ್ರದಲ್ಲಿ ಇದ್ದುದು ಬೆರಿಲಿಯಮ್ ಎಂಬ ಲೋಹ. ಐಟರ್‌ನ ಒಳಗೋಡೆಗೆ ಅದನ್ನೇ ಹಚ್ಚುವುದೆಂದು ನಿರ್ಧಾರವಾಗಿತ್ತು. 2023ರಲ್ಲಿ ಆ ನಿರ್ಧಾರ ಬದಲಾಯಿತು. ಹಾಗಾದರೆ ಆ ಸಂಶೋಧನೆಯ ಬೆಲೆ ಏನು? ಅದು ಕೇಳಿದ ಪ್ರಶ್ನೆ ಸರಿಯಾಗಿತ್ತೆ? ಇವನ್ನು ಒರೆಗೆ ಹಚ್ಚಿ ನೋಡುವುದು ಈ ಲೇಖನದ ಉದ್ದೇಶ.

ಬೆರಿಲಿಯಮ್ ಏಕೆ?

ಮೊದಲು ಲೋಹದ ಪರಿಚಯ. ಪರಮಾಣು ಸಂಖ್ಯೆ 4, ಸಾಂದ್ರತೆ ಘನ ಸೆಂಟಿಮೀಟರಿಗೆ 1.85 ಗ್ರಾಂ, ದ್ರವನ ಬಿಂದು 1287 ಡಿಗ್ರಿ ಸೆಲ್ಸಿಯಸ್. 1798ರಲ್ಲಿ ಫ್ರಾನ್ಸಿನ ವೋಕ್ಲಾ ಇದನ್ನು ಬೆರಿಲ್ ಖನಿಜದಲ್ಲಿಯೂ ಪಚ್ಚೆಯಲ್ಲಿಯೂ ಗುರುತಿಸಿದ. 1828ರಲ್ಲಿ ವೋಲರ್ ಮತ್ತು ಬ್ಯೂಸಿ ಬೇರೆ ಬೇರೆಯಾಗಿ ಲೋಹವನ್ನು ಪಡೆದರು. ಇದರ ಲವಣಗಳು ಸಿಹಿಯಾಗಿದ್ದುದರಿಂದ ಮೊದಲಿಗೆ ಗ್ಲೂಸಿನಿಯಮ್ ಎಂಬ ಹೆಸರೂ ಇತ್ತು. ಬೆರಿಲಿಯಮ್ ಎಷ್ಟು ವಿಷಕಾರಿ ಎಂದು ತಿಳಿದ ಮೇಲೆ ಆ ರುಚಿ ನೋಡಿದವರ ಬಗ್ಗೆ ಮರುಕವಾಗುತ್ತದೆ. ಬೆರಿಲ್ ಎಂಬ ಪದ ಗ್ರೀಕರಿಗೆ ನಮ್ಮ ವೈಡೂರ್ಯದ ಪ್ರಾಕೃತ ರೂಪದಿಂದ ಹೋದುದು. ಅದರ ಮೂಲವನ್ನು ದಕ್ಷಿಣ ಭಾರತದ ಬೇಲೂರು ಎಂಬ ಊರಿನ ಹೆಸರಿಗೆ ಜೋಡಿಸುವ ಭಾಷಾ ವಿದ್ವಾಂಸರೂ ಇದ್ದಾರೆ. 1932ರಲ್ಲಿ ಚಾಡ್ವಿಕ್ ನ್ಯೂಟ್ರಾನನ್ನು ಕಂಡುಹಿಡಿದದ್ದೂ ಆಲ್ಫಾ ಕಣಗಳಿಂದ ಬಡಿಸಿಕೊಂಡ ಬೆರಿಲಿಯಮ್ ಮೂಲಕವೇ. ಈ ಕೊನೆಯ ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಪ್ಲಾಸ್ಮಾದೊಳಗೆ ಅನ್ಯ ಧಾತುವಿನ ಪರಮಾಣು ಸೇರಿಕೊಂಡರೆ ಅದು ಬೆಳಕನ್ನೂ ಎಕ್ಸ್ ಕಿರಣವನ್ನೂ ಸೂಸಿ ಪ್ಲಾಸ್ಮಾವನ್ನು ತಣಿಸುತ್ತದೆ. ಪರಮಾಣು ಸಂಖ್ಯೆ ಹೆಚ್ಚಿದಷ್ಟೂ ಈ ನಷ್ಟ ವೇಗವಾಗಿ ಏರುತ್ತದೆ. ನಾಲ್ಕೇ ಎಲೆಕ್ಟ್ರಾನುಗಳ ಬೆರಿಲಿಯಮ್ ಬಿಸಿ ಪ್ಲಾಸ್ಮಾದಲ್ಲಿ ಅವೆಲ್ಲವನ್ನೂ ಕಳೆದುಕೊಂಡು ಬರಿ ಬೀಜವಾಗುತ್ತದೆ. ಆಮೇಲೆ ಅದರ ಉಪದ್ರವ ಅಲ್ಪ. ಟಂಗ್‌ಸ್ಟನ್‌ಗೆ 74 ಎಲೆಕ್ಟ್ರಾನುಗಳು. ಹತ್ತು ಕೋಟಿ ಡಿಗ್ರಿಯಲ್ಲಿಯೂ ಹಲವು ಎಲೆಕ್ಟ್ರಾನುಗಳು ಅಂಟಿಕೊಂಡೇ ಇದ್ದು ಸತತವಾಗಿ ಸೂಸುತ್ತವೆ. ಬೆರಿಲಿಯಮ್ಮನ್ನು ಪ್ಲಾಸ್ಮಾ ನೂರಕ್ಕೆ ಒಂದೆರಡರಷ್ಟು ಸಹಿಸೀತು. ಟಂಗ್‌ಸ್ಟನ್ನನ್ನು ಲಕ್ಷಕ್ಕೆ ಕೆಲವು ಪರಮಾಣುಗಳಷ್ಟು ಮಾತ್ರ. ಆದ್ದರಿಂದ ಹಗುರ ಧಾತುಗಳ ಕಡೆಗೆ ಒಲವು ಸಹಜವಾಗಿತ್ತು.

ಮೊದಲ ಆಯ್ಕೆ ಇಂಗಾಲವೇ ಆಗಿತ್ತು. ಅದು ಕರಗುವುದಿಲ್ಲ, ಶಾಖವನ್ನು ತಡೆಯುತ್ತದೆ, ಅಗ್ಗ. ಆದರೆ ಹೈಡ್ರೊಜನ್ನಿಗೂ ಇಂಗಾಲಕ್ಕೂ ಇರುವ ರಾಸಾಯನಿಕ ನಂಟು ನಿಮಗೆ ಗೊತ್ತೇ ಇದೆ. ಪ್ಲಾಸ್ಮಾದ ಅಂಚಿನಲ್ಲಿ ಮೀಥೇನ್‌ನಂಥ ಹೈಡ್ರೊಕಾರ್ಬನ್ನುಗಳು ಹುಟ್ಟಿ, ರಿಯಾಕ್ಟರಿನ ತಣ್ಣನೆಯ ಮೂಲೆಗಳಲ್ಲಿ ಮಸಿಯಂತೆ ಕುಳಿತು, ತಮ್ಮೊಡನೆ ಇಂಧನವನ್ನೂ ಹಿಡಿದಿಟ್ಟುಕೊಂಡವು. ಅಮೆರಿಕದ ಪ್ರಿನ್ಸ್‌ಟನ್ನಿನ ಟೊಕಮಾಕ್ ಸಮ್ಮಿಲನ ಪರೀಕ್ಷಾ ರಿಯಾಕ್ಟರಿನಲ್ಲಿ 1993ರಿಂದ 1997ರ ವರೆಗೆ ಟ್ರಿಟಿಯಮ್ ಪ್ರಯೋಗಗಳು ನಡೆದವು. ಒಳಗೆ ಬಿಟ್ಟ ಟ್ರಿಟಿಯಮ್‌ನಲ್ಲಿ ಹತ್ತಿರಹತ್ತಿರ ಅರ್ಧ ಗೋಡೆಯಲ್ಲಿ ಉಳಿಯಿತು, ವಿಶೇಷ ಸ್ವಚ್ಛತೆಯ ನಂತರವೇ ಅದು ಇಳಿದದ್ದು. ಇಂಗ್ಲೆಂಡಿನ ಕಲ್ಹಮ್‌ನಲ್ಲಿದ್ದ ಐರೋಪ್ಯ ಟೊಕಮಾಕ್ ಜೆಟ್‌ನಲ್ಲಿ 1997ರಲ್ಲಿ 16 ಮೆಗಾವಾಟ್ ಸಮ್ಮಿಲನ ಶಕ್ತಿಯ ದಾಖಲೆಯಾಯಿತು. ಪತ್ರಿಕೆಗಳು ಇದನ್ನು ಬರೆದವು. ಆ ಸಲ ಬಳಸಿದ 35 ಗ್ರಾಂ ಟ್ರಿಟಿಯಮ್‌ನಲ್ಲಿ ಹಲವು ಗ್ರಾಂ ಸ್ವಚ್ಛತೆಯ ನಂತರವೂ ಯಂತ್ರದೊಳಗೇ ಉಳಿಯಿತೆಂಬುದನ್ನು ಬರೆದವರು ಕಡಿಮೆ. ನನ್ನ ದೃಷ್ಟಿಯಲ್ಲಿ 1997ರ ಮುಖ್ಯ ಫಲಿತಾಂಶ ಆ ಎರಡನೆಯದೇ.

ಉಳಿಕೆ ಎಷ್ಟಾದರೆ ಅಪಾಯ? ಐಟರ್‌ಗೆ ಸುರಕ್ಷತೆಯ ದೃಷ್ಟಿಯಿಂದ ಒಂದು ಮಿತಿ ಹಾಕಿದ್ದಾರೆ: ನಿರ್ವಾತ ಪಾತ್ರೆಯೊಳಗೆ ಒಂದು ಕಿಲೋಗ್ರಾಂಗಿಂತ ಹೆಚ್ಚು ಟ್ರಿಟಿಯಮ್ ಇರಬಾರದು. ಪಂಪುಗಳಲ್ಲಿರುವ ಭಾಗವನ್ನೂ ಅಳತೆಯ ಅನಿಶ್ಚಿತತೆಯನ್ನೂ ಕಳೆದರೆ ಗೋಡೆಯ ಪಾಲಿಗೆ ಉಳಿಯುವುದು ಸುಮಾರು 700 ಗ್ರಾಂ. ಐಟರ್‌ನ ಗುರಿ 500 ಮೆಗಾವಾಟ್. 400 ಸೆಕೆಂಡುಗಳ ಒಂದು ಸ್ಪಂದದಲ್ಲಿ ನಿಜವಾಗಿ ಉರಿಯುವ ಟ್ರಿಟಿಯಮ್ ಮೇಲಿನ ಲೆಕ್ಕದ ಪ್ರಕಾರ ಕೇವಲ 0.35 ಗ್ರಾಂ. ಆದರೆ ಬಿಟ್ಟ ಇಂಧನದಲ್ಲಿ ಉರಿಯುವ ಪಾಲು ನೂರಕ್ಕೆ ಒಂದರ ಆಸುಪಾಸು. ಹಾಗಾಗಿ ಪ್ರತಿ ಸ್ಪಂದಕ್ಕೆ 50 ಗ್ರಾಂ ಬಿಡಬೇಕೆಂದು ಹಿಡಿಯೋಣ. ಅದರಲ್ಲಿ ಶೇಕಡಾ 10 ಗೋಡೆಯಲ್ಲಿ ಉಳಿದರೆ ಸ್ಪಂದಕ್ಕೆ 5 ಗ್ರಾಂ. 140 ಸ್ಪಂದಗಳಿಗೆ ಮಿತಿ ಮುಟ್ಟಿತು, ಯಂತ್ರ ನಿಲ್ಲಿಸಿ ಗೋಡೆ ತೊಳೆಯಬೇಕು. ಶೇಕಡಾ 0.3 ಉಳಿದರೆ 4600ಕ್ಕೂ ಹೆಚ್ಚು ಸ್ಪಂದಗಳು ಸಾಧ್ಯ. ದುಬಾರಿ ಯಂತ್ರವೊಂದು ಕೆಲಸ ಮಾಡುತ್ತದೋ ಸದಾ ಸ್ವಚ್ಛತೆಯಲ್ಲೇ ಇರುತ್ತದೋ ಎಂಬುದು ಈ ಒಂದು ಶೇಕಡಾ ಸಂಖ್ಯೆಯ ಮೇಲೆ ನಿಂತಿದೆ.

ಪ್ರಯೋಗಶಾಲೆ ಕೇಳಿದ ಪ್ರಶ್ನೆ

ಬೆರಿಲಿಯಮ್‌ನಲ್ಲಿ ಹೈಡ್ರೊಜನ್ ಎಷ್ಟು ಕರಗುತ್ತದೆ, ಎಷ್ಟು ವೇಗವಾಗಿ ವಿಸರಿಸುತ್ತದೆ ಎಂಬ ಅಳತೆಗಳು 1960ರ ದಶಕದಿಂದಲೇ ಇವೆ. ಅವನ್ನು ಒಂದೇ ನಕ್ಷೆಯಲ್ಲಿ ಇಟ್ಟು ನೋಡಿದವರಿಗೆ ಗಾಬರಿಯಾಗುತ್ತದೆ. ಬೇರೆ ಬೇರೆ ಪ್ರಯೋಗಶಾಲೆಗಳ ಬೆಲೆಗಳಲ್ಲಿ ಹತ್ತು, ನೂರು, ಕೆಲವೆಡೆ ಸಾವಿರ ಪಟ್ಟು ವ್ಯತ್ಯಾಸ! ಇದಕ್ಕೆ ಕಾರಣ ಪ್ರಯೋಗಕಾರರ ಅಜಾಗರೂಕತೆಯಲ್ಲ. ಬೆರಿಲಿಯಮ್ ಗಾಳಿ ಕಂಡೊಡನೆ ತೆಳುವಾದ ಆಕ್ಸೈಡ್ ಪೊರೆ ಹೊದೆಯುತ್ತದೆ. ಅಲ್ಯೂಮಿನಿಯಮ್‌ನ ಪೊರೆಯನ್ನು ಬಲ್ಲವರಿಗೆ ಇದು ಹೊಸದಲ್ಲ. ಹೈಡ್ರೊಜನ್ ಆ ಪೊರೆಯನ್ನು ದಾಟಿ ಹೋಗಬೇಕು, ದಾಟಿ ಬರಬೇಕು. ಜೊತೆಗೆ, ಲೋಹದ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದ ಮಾದರಿಯಲ್ಲಿ ಹಳೆಯ ಆಕ್ಸೈಡ್ ಕಣಗಳು ಒಳಗೂ ಇರುತ್ತವೆ. ಲೋಹದ ಗುಣವೆಂದು ಅಳೆದದ್ದು ಎಷ್ಟೋ ಸಲ ಪೊರೆಯ ಮತ್ತು ಕಲ್ಮಶದ ಗುಣ. ಹೀಗಿದ್ದರೂ ಅನೇಕ ಗಣಕ ಮಾದರಿಗಳು ಒಂದು ಬೆಲೆಯನ್ನು ಆರಿಸಿಕೊಂಡು, ಉಳಿದವನ್ನು ಹೆಸರಿಸದೆ, ನಾಲ್ಕು ಅಂಕಿಗಳ ನಿಖರತೆಯಲ್ಲಿ ಉತ್ತರ ಕೊಟ್ಟವು. ಇದು ಈ ಸಾಹಿತ್ಯದ ಮೊದಲ ದೌರ್ಬಲ್ಯ. ಸಂಶೋಧನಾ ಪತ್ರ ಓದುವ ಅಭ್ಯಾಸವಿರುವ ವಿದ್ಯಾರ್ಥಿಗಳು, ಯಾವುದೇ ವಿಸರಣ ಗುಣಾಂಕ ಕಂಡರೆ ಮಾದರಿ ಹೇಗೆ ತಯಾರಾಯಿತು ಎಂಬ ಸಾಲನ್ನು ಮೊದಲು ಹುಡುಕಬೇಕು.

ಒಂದು ಸಂಗತಿಯಲ್ಲಿ ಮಾತ್ರ ಎಲ್ಲರೂ ಒಪ್ಪಿದರು. ಬೆರಿಲಿಯಮ್‌ಗೆ ಹೈಡ್ರೊಜನ್ ಮೇಲೆ ಒಲವಿಲ್ಲ. ದ್ರಾವ್ಯತೆ ಅತ್ಯಲ್ಪ. ಡ್ಯೂಟೀರಿಯಮ್ ಅಯಾನುಗಳನ್ನು ವೇಗದಿಂದ ಬಡಿಸಿದರೆ ಅವು ಮೇಲ್ಮೈಯಿಂದ ಕೆಲವು ಹತ್ತು ನ್ಯಾನೊಮೀಟರ್ ಆಳದಲ್ಲಿ ನಿಲ್ಲುತ್ತವೆ. ಅಲ್ಲಿ ಸ್ಫಟಿಕ ಜಾಲದಲ್ಲಿ ಪರಮಾಣು ಕಿತ್ತುಹೋದ ಖಾಲಿ ಸ್ಥಾನಗಳು ಅವನ್ನು ಬಲೆಯಂತೆ ಹಿಡಿಯುತ್ತವೆ. ಸುಮಾರು ಮೂರು ಬೆರಿಲಿಯಮ್ ಪರಮಾಣುಗಳಿಗೆ ಒಂದು ಡ್ಯೂಟೀರಿಯಮ್ ಸೇರಿದಾಗ ಆ ಪದರ ತುಂಬುತ್ತದೆ. ಗುಳ್ಳೆಗಳು, ಬಿರುಕುಗಳು ಮೂಡಿ ಮೇಲ್ಮೈಗೆ ದಾರಿ ತೆರೆಯುತ್ತದೆ. ಆಮೇಲೆ ಬಂದದ್ದು ಬಂದಷ್ಟೇ ಹೊರಗೆ ಹೋಗುತ್ತದೆ. ಅಂದರೆ ಉಳಿಕೆ ಒಂದು ಹಂತದಲ್ಲಿ ಪರ್ಯಾಪ್ತವಾಗುತ್ತದೆ. ಬಿಸಿ ಮಾಡಿದರೆ ಒಂದು ಭಾಗ 200 ಡಿಗ್ರಿಯ ಆಸುಪಾಸಿನಲ್ಲಿಯೇ ಥಟ್ಟನೆ ಹೊರಬರುತ್ತದೆ, ಗಟ್ಟಿ ಬಲೆಯಲ್ಲಿ ಸಿಕ್ಕಿದ್ದು ಇನ್ನೂ ಹೆಚ್ಚಿನ ತಾಪದಲ್ಲಿ. ಇಂಥ ಫಲಿತಾಂಶ ಓದಿದ ವಿನ್ಯಾಸಕಾರರಿಗೆ ಸಮಾಧಾನವಾದದ್ದು ಸಹಜ.

ಇಲ್ಲಿಯೇ ನನ್ನ ಮುಖ್ಯ ಆಕ್ಷೇಪಣೆ. ಬೆರಿಲಿಯಮ್ ತುಂಡೊಂದು ಎಷ್ಟು ಹೈಡ್ರೊಜನ್ ಹಿಡಿಯುತ್ತದೆ ಎಂಬುದು ಪ್ರಯೋಗಶಾಲೆಯ ಪ್ರಶ್ನೆ. ರಿಯಾಕ್ಟರಿನಲ್ಲಿ ಬೆರಿಲಿಯಮ್ ಇದ್ದಲ್ಲಿ ಇರುವುದಿಲ್ಲ. ಅಯಾನುಗಳ ಹೊಡೆತಕ್ಕೆ ಅದರ ಪರಮಾಣುಗಳು ಚಿಮ್ಮಿ, ಪ್ಲಾಸ್ಮಾದ ಅಂಚಿನಲ್ಲಿ ಹರಿದು, ಬೇರೆಲ್ಲಿಯೋ ತಣ್ಣನೆಯ ಜಾಗದಲ್ಲಿ ಹೋಗಿ ಕೂರುತ್ತವೆ. ಕೂರುವಾಗ ಜೊತೆಯಲ್ಲಿ ಬಂದ ಹೈಡ್ರೊಜನ್ನನ್ನೂ ಸೇರಿಸಿಕೊಂಡು ಪದರವಾಗುತ್ತವೆ. ಇದು ಸಹನಿಕ್ಷೇಪ. ಹಳೆಯ ಮನೆಯ ಗೋಡೆಗೆ ವರ್ಷ ವರ್ಷ ಸುಣ್ಣ ಬಳಿಯುವುದನ್ನು ನೆನೆಯಿರಿ. ಪ್ರತಿ ಸಲವೂ ಹಿಂದಿನ ವರ್ಷದ ಧೂಳು ಹೊಸ ಸುಣ್ಣದ ಅಡಿಯಲ್ಲಿ ಉಳಿಯುತ್ತದೆ. ಪದರ ದಪ್ಪವಾಗುತ್ತಲೇ ಹೋಗುತ್ತದೆ. ಸಹನಿಕ್ಷೇಪಕ್ಕೆ ಪರ್ಯಾಪ್ತತೆ ಎಂಬುದಿಲ್ಲ. ಯಂತ್ರ ನಡೆದಷ್ಟು ಹೊತ್ತೂ ಅದು ಬೆಳೆಯುತ್ತದೆ.

ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡವರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಕೇಂದ್ರದ ಪೈಸಿಸ್-ಬಿ ಉಪಕರಣದ ತಂಡ ಪ್ರಮುಖ. ಬೆರಿಲಿಯಮ್ಮನ್ನು ಸುರಕ್ಷಿತವಾಗಿ ನಿರ್ವಹಿಸುವ ಏರ್ಪಾಡಿನೊಳಗೆ ಸತತವಾಗಿ ಪ್ಲಾಸ್ಮಾ ಹರಿಸಬಲ್ಲ ಸಾಧನ ಅದು. ಬೆರಿಲಿಯಮ್ ಒಂಟಿ ಪರಮಾಣುವಾಗಿ ಮಾತ್ರ ಚಿಮ್ಮುವುದಿಲ್ಲ, ಡ್ಯೂಟೀರಿಯಮ್ ಜೊತೆಗೂಡಿದ ಅಣುವಾಗಿಯೂ ಹೊರಡುತ್ತದೆ ಎಂಬುದು ಅಲ್ಲಿ ರೋಹಿತದ ಪಟ್ಟಿಗಳಲ್ಲಿ ಕಂಡಿತು, ಜೆಟ್‌ನಲ್ಲಿಯೂ ಕಂಡಿತು. ನಿಕ್ಷೇಪವಾದ ಪದರ ತಣ್ಣಗಿದ್ದಷ್ಟೂ ಹೆಚ್ಚು ಇಂಧನ ಹಿಡಿಯುತ್ತದೆ ಎಂಬುದೂ ಖಚಿತವಾಯಿತು. ಐಟರ್‌ನ ವಿನ್ಯಾಸದಲ್ಲಿ ಮುಖ್ಯ ಗೋಡೆಯನ್ನು 240 ಡಿಗ್ರಿಗೂ ಡೈವರ್ಟರನ್ನು 350 ಡಿಗ್ರಿಗೂ ಕಾಯಿಸಿ ಟ್ರಿಟಿಯಮ್ ಬಿಡಿಸುವ ಯೋಜನೆಯಿತ್ತು. 240 ಡಿಗ್ರಿಯಲ್ಲಿ ಒಂದು ಪಾಲು ಮಾತ್ರ ಹೊರಬರುತ್ತದೆ. ಹೆಚ್ಚು ದಿನ ಕಾಯಿಸಿದ ಮಾತ್ರಕ್ಕೆ ಉಳಿದದ್ದು ಬಂದುಬಿಡುವುದಿಲ್ಲ. ಇದು ಹಿತವಾದ ಫಲಿತಾಂಶವೇನಲ್ಲ. ಆದರೂ ಮರೆಮಾಚದೆ ಹೇಳಿದ್ದಕ್ಕಾಗಿ ಆ ಕೆಲಸ ನನಗೆ ಹೆಚ್ಚಿನದೆನಿಸುತ್ತದೆ.

ಜೆಟ್ ಕೊಟ್ಟ ಉತ್ತರ

ಇಷ್ಟಾದರೂ ಇಡೀ ಯಂತ್ರದಲ್ಲಿ ಏನಾಗುತ್ತದೆ ಎಂಬುದಕ್ಕೆ ಯಂತ್ರವೇ ಉತ್ತರ ಹೇಳಬೇಕಿತ್ತು. 2009ರಿಂದ 2011ರ ವರೆಗೆ ಜೆಟ್‌ನ ಒಳಗಿದ್ದ ಇಂಗಾಲದ ಹೊದಿಕೆಯನ್ನು ದೂರನಿಯಂತ್ರಿತ ಯಂತ್ರಬಾಹುಗಳಿಂದ ಕಳಚಿ, ಮುಖ್ಯ ಗೋಡೆಗೆ ಬೆರಿಲಿಯಮ್ಮನ್ನೂ ಕೆಳಭಾಗದ ಡೈವರ್ಟರಿಗೆ ಟಂಗ್‌ಸ್ಟನ್ನನ್ನೂ ಹಾಕಿದರು. ಐಟರ್‌ನ ಗೋಡೆಯ ನಕಲು ಅದು. ಸಮ್ಮಿಲನ ಸಂಶೋಧನೆಯಲ್ಲಿ ಇದಕ್ಕಿಂತ ನೇರವಾದ ಪ್ರಯೋಗ ವಿರಳ: ಅದೇ ಯಂತ್ರ, ಅದೇ ಕಾಂತಗಳು, ಗೋಡೆ ಮಾತ್ರ ಬೇರೆ. ಶಾಲಾ ಪ್ರಯೋಗದಲ್ಲಿ ಒಂದು ಚರವನ್ನು ಮಾತ್ರ ಬದಲಿಸಿ ಎಂದು ನಾವು ಹೇಳಿಕೊಡುವುದು ಇದನ್ನೇ ಅಲ್ಲವೆ?

ಫಲಿತಾಂಶ ಸ್ಪಷ್ಟವಾಗಿತ್ತು. ಒಳಗೆ ಬಿಟ್ಟ ಅನಿಲ ಮತ್ತು ಹೊರಗೆ ತೆಗೆದ ಅನಿಲಗಳ ತಾಳೆ ನೋಡಿದಾಗ ಇಂಧನದ ಉಳಿಕೆ ಇಂಗಾಲದ ಗೋಡೆಗಿಂತ ಹತ್ತರಿಂದ ಇಪ್ಪತ್ತು ಪಟ್ಟು ಕಡಿಮೆಯಾಗಿತ್ತು. ಆನಂತರ ಹೆಂಚುಗಳನ್ನು ಬಿಚ್ಚಿ ವಿಶ್ಲೇಷಿಸಿದಾಗ ದೀರ್ಘಕಾಲ ಉಳಿದ ಪಾಲು ಬಿಟ್ಟ ಇಂಧನದ ಶೇಕಡಾ ಅರ್ಧಕ್ಕೂ ಕಡಿಮೆ ಎಂದು ತಿಳಿಯಿತು. ಅದರಲ್ಲಿ ಹೆಚ್ಚಿನದು, ನಿರೀಕ್ಷೆಯಂತೆಯೇ, ಡೈವರ್ಟರಿನ ಒಳಬದಿಯ ಮೇಲ್ಭಾಗದಲ್ಲಿ ಬೆರಿಲಿಯಮ್ ಬಂದು ಕೂತ ಪದರಗಳಲ್ಲಿತ್ತು. ಇಂಗಾಲದ ಕಾಲದಲ್ಲಿ ನೂರಾರು ಗ್ರಾಂ ಗುಡಿಸುತ್ತಿದ್ದ ಧೂಳು ಹೊಸ ಗೋಡೆಯ ಮೊದಲ ಸುತ್ತಿನ ಬಳಿಕ ಒಂದೆರಡು ಗ್ರಾಂ. ಇದೇ ಗೋಡೆಯೊಡನೆ ಜೆಟ್ 2021ರಲ್ಲಿ 59 ಮೆಗಾಜೂಲ್, 2023ರಲ್ಲಿ 69 ಮೆಗಾಜೂಲ್ ಸಮ್ಮಿಲನ ಶಕ್ತಿ ಕೊಟ್ಟು, 2023ರ ಡಿಸೆಂಬರಿನಲ್ಲಿ ನಾಲ್ಕು ದಶಕಗಳ ಕೆಲಸ ಮುಗಿಸಿತು.

ಹೊಗಳಿಕೆಯ ಜೊತೆಗೆ ಎರಡು ಎಚ್ಚರಿಕೆಗಳನ್ನು ಹೇಳಬೇಕು. ಜೆಟ್‌ನ ಗೋಡೆ 200 ಡಿಗ್ರಿಯ ಆಸುಪಾಸಿನಲ್ಲಿರುತ್ತಿತ್ತು. ಐಟರ್‌ನ ಗೋಡೆಗೆ ಹರಿಯುವ ನೀರು ಒಳಬರುವುದು 70 ಡಿಗ್ರಿಯಲ್ಲಿ. ತಣ್ಣನೆಯ ಪದರ ಹೆಚ್ಚು ಹಿಡಿಯುತ್ತದೆ ಎಂದು ಈಗಷ್ಟೇ ನೋಡಿದೆವು. ಹಾಗಿರುವಾಗ ಜೆಟ್‌ನ ಶೇಕಡಾವಾರನ್ನು ನೇರವಾಗಿ ಐಟರ್‌ಗೆ ಅನ್ವಯಿಸುವ ಬರಹಗಳು ಅತಿ ಧೈರ್ಯದವು. ನಾನು ಮೇಲೆ ಮಾಡಿದ 4600ರ ಲೆಕ್ಕವನ್ನೂ ನೀವು ಆ ಅನುಮಾನದಿಂದಲೇ ಓದಬೇಕು. ಎರಡನೆಯದು, ಜೆಟ್‌ನ ಬೆರಿಲಿಯಮ್ ಅಲ್ಲಲ್ಲಿ ಕರಗಿತು. ಪ್ಲಾಸ್ಮಾ ಹಠಾತ್ತಾಗಿ ಕುಸಿದಾಗ ಹುಟ್ಟುವ ಓಟದ ಎಲೆಕ್ಟ್ರಾನುಗಳು ತಗುಲಿದ ಕಡೆ ಹೆಂಚಿನ ಅಂಚು ಮೇಣದಂತೆ ಹರಿದ ಗುರುತುಗಳಿವೆ. ಜೆಟ್‌ಗಿಂತ ಎಷ್ಟೋ ಪಟ್ಟು ಶಕ್ತಿ ತುಂಬಿಕೊಂಡ ಐಟರ್‌ನಲ್ಲಿ ಇದು ಸಣ್ಣ ವಿಷಯವಾಗುತ್ತಿರಲಿಲ್ಲ.

2023ರ ತಿರುವು

ಐಟರ್ ಗೋಡೆಯ ಸುಮಾರು 600 ಚದರ ಮೀಟರಿಗೆ 12 ಟನ್ ಬೆರಿಲಿಯಮ್ ಬೇಕಿತ್ತು. 2023ರಲ್ಲಿ ಆ ಸಂಸ್ಥೆ ಬೆರಿಲಿಯಮ್ ಕೈಬಿಟ್ಟು ಗೋಡೆಯನ್ನೂ ಟಂಗ್‌ಸ್ಟನ್ನಿನಿಂದ ಮಾಡುವ ಪ್ರಸ್ತಾವ ಮುಂದಿಟ್ಟಿತು. 2024ರ ಹೊಸ ಯೋಜನೆ ಅದರ ಮೇಲೆಯೇ ನಿಂತಿದೆ. ಅದರಂತೆ ಸಂಶೋಧನಾ ಕಾರ್ಯ 2034ರಲ್ಲಿಯೂ ಟ್ರಿಟಿಯಮ್ ಪ್ರಯೋಗ 2039ರಲ್ಲಿಯೂ ಆರಂಭವಾಗಬೇಕು. ಕೊಟ್ಟ ಕಾರಣಗಳು: ಬೆರಿಲಿಯಮ್ ಬೇಗ ಸವೆಯುತ್ತದೆ, ಕರಗುವ ಭಯವಿದೆ, ವಿಷಕಾರಿಯಾದುದರಿಂದ ಜೋಡಣೆ ಮತ್ತು ದುರಸ್ತಿಗಳಲ್ಲಿ ಕಷ್ಟ, ಮುಂದಿನ ವಿದ್ಯುತ್ ರಿಯಾಕ್ಟರುಗಳ ಗೋಡೆಗೆ ಅದು ಹೇಗೂ ಒಗ್ಗದು. ಗಮನಿಸಿ: ಹೈಡ್ರೊಜನ್ ಉಳಿಕೆ ಇಲ್ಲಿ ಪ್ರಧಾನ ಕಾರಣವಲ್ಲ. ಮೂವತ್ತು ವರ್ಷ ಹೆಚ್ಚು ಪರಿಶ್ರಮ ಸುರಿದದ್ದು ಒಂದು ಪ್ರಶ್ನೆಗೆ, ತೀರ್ಪು ಬಂದದ್ದು ಇನ್ನೊಂದರ ಮೇಲೆ.

ಈ ಕಾರಣಗಳಲ್ಲಿ ಯಾವುದು ಹೊಸದು? ಬೆರಿಲಿಯಮ್ ಧೂಳಿನಿಂದ ಶ್ವಾಸಕೋಶದ ರೋಗ ಬರುತ್ತದೆ ಎಂಬುದು 1940ರ ದಶಕದಿಂದ ಗೊತ್ತಿದೆ. ಟ್ಯೂಬ್‌ಲೈಟುಗಳ ಪುಡಿಯಲ್ಲಿ ಅದನ್ನು ಬಳಸುವುದನ್ನು ಅಮೆರಿಕದ ಉದ್ಯಮ 1949ರಲ್ಲಿಯೇ ನಿಲ್ಲಿಸಿತು. ಕೆಲಸದ ಜಾಗದ ಗಾಳಿಯಲ್ಲಿ ಇರಬಹುದಾದ ಮಿತಿಯನ್ನು ಆ ದೇಶ 2017ರಲ್ಲಿ ಘನ ಮೀಟರಿಗೆ 2 ಮೈಕ್ರೊಗ್ರಾಮಿನಿಂದ 0.2ಕ್ಕೆ ಇಳಿಸಿತು. ಸವೆತದ ಅಂದಾಜುಗಳೂ ಹಳೆಯವೇ. ಜರ್ಮನಿಯ ಗಾರ್ಚಿಂಗ್‌ನ ಆಸ್‌ಡೆಕ್ಸ್ ಅಪ್‌ಗ್ರೇಡ್ ಟೊಕಮಾಕ್ ತನ್ನ ಗೋಡೆಯನ್ನು ಹಂತ ಹಂತವಾಗಿ ಬದಲಿಸಿ 2007ರ ಹೊತ್ತಿಗೆ ಪೂರ್ತಿ ಟಂಗ್‌ಸ್ಟನ್ನಿನಲ್ಲಿಯೇ ಓಡಿ ತೋರಿಸಿತ್ತು. ನಿರ್ಧಾರ ಸರಿ ಎಂದೇ ನನ್ನ ಮತ. ಅದು ಹತ್ತು ವರ್ಷ ತಡವಾಗಿ ಬಂತು ಎಂಬುದೂ ನನ್ನ ಮತ. 2013ರಲ್ಲಿ ಡೈವರ್ಟರಿನಲ್ಲಿ ಇಂಗಾಲ ಬಿಟ್ಟು ಮೊದಲಿನಿಂದಲೇ ಟಂಗ್‌ಸ್ಟನ್ ಹಾಕುವುದೆಂದು ತೀರ್ಮಾನಿಸಿದಾಗಲೇ ಗೋಡೆಯ ಪ್ರಶ್ನೆಯನ್ನೂ ಮತ್ತೆ ತೆರೆಯಬಹುದಿತ್ತು.

ಆದರೆ ಬೆರಿಲಿಯಮ್ ಹೋದೊಡನೆ ಹೈಡ್ರೊಜನ್ನಿನ ತೊಂದರೆ ಹೋಯಿತೆಂದು ತಿಳಿಯಬೇಡಿ. ಬೆರಿಲಿಯಮ್ ಪ್ಲಾಸ್ಮಾದೊಳಗಿನ ಆಮ್ಲಜನಕವನ್ನು ಹೀರಿಕೊಂಡು ಒಳಗನ್ನು ಚೊಕ್ಕಟವಾಗಿಡುತ್ತಿತ್ತು. ಟಂಗ್‌ಸ್ಟನ್ ಆ ಕೆಲಸ ಮಾಡುವುದಿಲ್ಲ. ಅದಕ್ಕಾಗಿ ಹೊಸ ಯೋಜನೆಯಲ್ಲಿ ಗೋಡೆಗೆ ಆಗಾಗ ಬೋರಾನ್ ಲೇಪಿಸುವ ವ್ಯವಸ್ಥೆ ಸೇರಿಸಿದ್ದಾರೆ. ಬೋರಾನ್ ಕೂಡ ಸವೆಯುತ್ತದೆ, ಸಾಗುತ್ತದೆ, ಹೈಡ್ರೊಜನ್ ಸಮೇತ ಎಲ್ಲಿಯೋ ಕೂರುತ್ತದೆ. ಸುಣ್ಣದ ಡಬ್ಬಿ ಬದಲಾಯಿತು, ಬಳಿಯುವುದು ನಿಲ್ಲಲಿಲ್ಲ. ಟಂಗ್‌ಸ್ಟನ್ ತಾನೂ ನಿರ್ದೋಷಿಯಲ್ಲ. ಹೊಸ ಟಂಗ್‌ಸ್ಟನ್ನಿನಲ್ಲಿ ಹೈಡ್ರೊಜನ್ ನಿಲ್ಲುವುದು ಕಡಿಮೆ. ನ್ಯೂಟ್ರಾನುಗಳ ಏಟಿಗೆ ಅದರ ಜಾಲದಲ್ಲಿ ಖಾಲಿ ಸ್ಥಾನಗಳು ಹೆಚ್ಚಿದಂತೆ ಬಲೆಗಳೂ ಹಲವು ಪಟ್ಟು ಹೆಚ್ಚುತ್ತವೆ. ಬೆರಿಲಿಯಮ್ ಸಂಶೋಧನೆಯ ನಿಜವಾದ ಬೆಲೆ ಇಲ್ಲಿ ಕಾಣುತ್ತದೆ. ಪರ್ಯಾಪ್ತವಾಗುವ ಉಳಿಕೆಯನ್ನೂ ಬೆಳೆಯುತ್ತಲೇ ಹೋಗುವ ಉಳಿಕೆಯನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕುವ ವಿಧಾನ ಆ ಕೆಲಸದಲ್ಲಿ ಪಳಗಿತು. ಬೋರಾನ್ ಪದರಗಳನ್ನು ಅಳೆಯಲು ಹೊರಟವರು ಮೊದಲಿನಿಂದ ಶುರು ಮಾಡಬೇಕಾಗಿಲ್ಲ.

ಬೆರಿಲಿಯಮ್ ಇನ್ನೊಂದು ಬಾಗಿಲಿನಿಂದ

ಗೋಡೆಯಿಂದ ಹೊರಬಿದ್ದ ಬೆರಿಲಿಯಮ್ ಗೋಡೆಯ ಹಿಂದೆ ಇನ್ನೂ ಕಾದು ನಿಂತಿದೆ. ಒಂದು ಸಮ್ಮಿಲನದಿಂದ ಹೊರಡುವುದು ಒಂದೇ ನ್ಯೂಟ್ರಾನ್; ಅದು ಲಿಥಿಯಮ್-6ಕ್ಕೆ ಬಡಿದರೆ ಒಂದು ಟ್ರಿಟಿಯಮ್. ಉಕ್ಕು ಒಂದಿಷ್ಟು ನ್ಯೂಟ್ರಾನುಗಳನ್ನು ನುಂಗುತ್ತದೆ, ಕಿಂಡಿಗಳಿಂದ ಒಂದಿಷ್ಟು ತಪ್ಪಿಸಿಕೊಳ್ಳುತ್ತವೆ. ಆದ್ದರಿಂದ ಲೆಕ್ಕ ಸರಿದೂಗಬೇಕಾದರೆ ನ್ಯೂಟ್ರಾನುಗಳನ್ನು ಹೆಚ್ಚಿಸಲೇಬೇಕು. ಚಾಡ್ವಿಕ್‌ನ ಲೋಹ ಇಲ್ಲಿ ಒದಗಿಬರುತ್ತದೆ. ವೇಗದ ನ್ಯೂಟ್ರಾನ್ ಬೆರಿಲಿಯಮ್ ಬೀಜವನ್ನು ಒಡೆದಾಗ ಎರಡು ಹೀಲಿಯಮ್ ಬೀಜಗಳೂ ಎರಡು ನ್ಯೂಟ್ರಾನುಗಳೂ ಬರುತ್ತವೆ. ಐರೋಪ್ಯ ವಿನ್ಯಾಸವೊಂದರಲ್ಲಿ ರಿಯಾಕ್ಟರಿನ ಹೊದಿಕೆಯೊಳಗೆ ಲಿಥಿಯಮ್ ಸೆರಾಮಿಕ್ ಗುಂಡುಗಳ ಪಕ್ಕದಲ್ಲಿ ಸುಮಾರು ಒಂದು ಮಿಲಿಮೀಟರಿನ ಬೆರಿಲಿಯಮ್ ಗುಂಡುಗಳನ್ನು ತುಂಬುವುದೆಂದಿತ್ತು.

ಇಲ್ಲಿ ಹೈಡ್ರೊಜನ್ನಿನ ಕಥೆ ಇನ್ನೂ ಕಠಿಣವಾಗುತ್ತದೆ. ಪ್ಲಾಸ್ಮಾದಿಂದ ಹೊರಗಿನಿಂದ ಬಂದ ಟ್ರಿಟಿಯಮ್ ಮೇಲ್ಮೈಯಲ್ಲಿ ನಿಂತಿತ್ತು. ಈಗ ಅದು ಲೋಹದ ಒಳಗೇ ಹುಟ್ಟುತ್ತದೆ. ನ್ಯೂಟ್ರಾನ್ ಬಡಿದ ಕೆಲವು ಬೆರಿಲಿಯಮ್ ಬೀಜಗಳು ಹೀಲಿಯಮ್-6 ಆಗಿ, ಅದು ಒಂದು ಸೆಕೆಂಡಿನೊಳಗೇ ಲಿಥಿಯಮ್-6 ಆಗಿ, ಅದಕ್ಕೆ ಮತ್ತೊಂದು ನ್ಯೂಟ್ರಾನ್ ತಗುಲಿ ಟ್ರಿಟಿಯಮ್ ಆಗುತ್ತದೆ. ಜೊತೆಗೆ ಹೀಲಿಯಮ್ ಧಾರಾಳವಾಗಿ ಉತ್ಪತ್ತಿಯಾಗಿ ಗುಳ್ಳೆಗಳಾಗುತ್ತದೆ, ಲೋಹ ಉಬ್ಬುತ್ತದೆ, ಟ್ರಿಟಿಯಮ್ ಆ ಗುಳ್ಳೆಗಳಲ್ಲಿ ಸೇರಿಕೊಂಡು ಕೂರುತ್ತದೆ. ನೆದರ್ಲೆಂಡ್ಸಿನ ಪೆಟನ್‌ನಲ್ಲಿರುವ ಪರೀಕ್ಷಾ ರಿಯಾಕ್ಟರಿನಲ್ಲಿ ವರ್ಷಗಟ್ಟಲೆ ಇಟ್ಟು ತೆಗೆದ ಗುಂಡುಗಳಲ್ಲಿ, ಕಡಿಮೆ ತಾಪದಲ್ಲಿದ್ದವು ತಮ್ಮ ಟ್ರಿಟಿಯಮ್ಮನ್ನು ಬಹುಪಾಲು ಬಿಡಲಿಲ್ಲ. 600 ಡಿಗ್ರಿಗೂ ಮೇಲಿದ್ದವು ಬಹಳಷ್ಟನ್ನು ಬಿಟ್ಟುಕೊಟ್ಟವು. ವಿದ್ಯುತ್ ರಿಯಾಕ್ಟರೊಂದರ ಬೆರಿಲಿಯಮ್ ಗುಂಡುಗಳಲ್ಲಿ ಅದರ ಆಯುಸ್ಸಿನ ಕೊನೆಗೆ ಸಿಕ್ಕಿಕೊಂಡಿರಬಹುದಾದ ಟ್ರಿಟಿಯಮ್ ಕಿಲೋಗ್ರಾಂ ಲೆಕ್ಕದ್ದು ಎಂಬ ಅಂದಾಜುಗಳೂ ಬಂದವು. ಜಗತ್ತಿನ ಸಂಗ್ರಹ ಮೂವತ್ತು ಕಿಲೋಗ್ರಾಂ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಈ ಕಷ್ಟದಿಂದ ಹುಟ್ಟಿದ ಕೆಲಸ ಬೆರಿಲೈಡುಗಳದ್ದು. ಹನ್ನೆರಡು ಬೆರಿಲಿಯಮ್ ಪರಮಾಣುಗಳಿಗೆ ಒಂದು ಟೈಟಾನಿಯಮ್ ಪರಮಾಣು ಸೇರಿದ ಸಂಯುಕ್ತ ಉಬ್ಬುವುದು ಕಡಿಮೆ, ಟ್ರಿಟಿಯಮ್ಮನ್ನು ಬಿಡುವುದು ಸುಲಭ. ಜಪಾನಿನಲ್ಲಿಯೂ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿಯೂ ನಡೆದ ಈ ಕೆಲಸವನ್ನು ನಾನು ಇಡೀ ಕ್ಷೇತ್ರದಲ್ಲಿ ಹೆಚ್ಚು ಭರವಸೆಯದೆಂದು ಎಣಿಸುತ್ತೇನೆ. ಲೋಹದ ಗುಣವನ್ನು ಅಳೆದು ಸುಮ್ಮನಾಗದೆ ಅದನ್ನು ಬದಲಿಸಲು ಹೊರಟ ಕೆಲಸ ಇದು. ಇದರ ಪರೀಕ್ಷೆಗಳಿಗೂ ಒಂದು ಕೊರತೆಯಿದೆ. ವಿದಳನ ರಿಯಾಕ್ಟರಿನ ನ್ಯೂಟ್ರಾನುಗಳ ಶಕ್ತಿ ಸಮ್ಮಿಲನದ 14 ಮಿಲಿಯನ್ ಎಲೆಕ್ಟ್ರಾನ್ ವೋಲ್ಟಿನ ಹತ್ತಿರಕ್ಕೂ ಬರುವುದಿಲ್ಲ. ಹೀಲಿಯಮ್ ಮತ್ತು ಜಾಲದ ಹಾನಿಗಳ ಅನುಪಾತ ಎರಡರಲ್ಲಿಯೂ ಬೇರೆ. ಸಮ್ಮಿಲನದಂಥ ನ್ಯೂಟ್ರಾನುಗಳಲ್ಲಿ ವಸ್ತುಗಳನ್ನು ಪರೀಕ್ಷಿಸುವ ಸಾಧನವೊಂದನ್ನು ಸ್ಪೇನಿನ ಗ್ರನಾಡಾ ಬಳಿ ಕಟ್ಟಲು ತೊಡಗಿದ್ದಾರೆ. ಅದು ಕೆಲಸ ಮಾಡುವವರೆಗೆ ಹೊದಿಕೆಯ ಬೆರಿಲಿಯಮ್ ಬಗ್ಗೆ ಬರುವ ಅಂಕಿಅಂಶಗಳೆಲ್ಲ ಬೇರೆ ನ್ಯೂಟ್ರಾನುಗಳಿಂದ ಎರವಲು ತಂದವು ಎಂದು ಓದಿಕೊಳ್ಳಬೇಕು.

ಪೂರೈಕೆಯ ಮಾತೂ ಇದೆ. ಜಗತ್ತಿನಲ್ಲಿ ವರ್ಷಕ್ಕೆ ಗಣಿಯಿಂದ ಬರುವ ಬೆರಿಲಿಯಮ್ ಕೆಲವು ನೂರು ಟನ್ ಮಾತ್ರ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಅಮೆರಿಕದ್ದು. ಒಂದೇ ವಿದ್ಯುತ್ ರಿಯಾಕ್ಟರಿನ ಹೊದಿಕೆಗೆ ನೂರಾರು ಟನ್ ಬೇಕಾಗುತ್ತದೆ. ಅದಿರಿನೊಡನೆ ಬರುವ ಅತ್ಯಲ್ಪ ಯುರೇನಿಯಮ್ ಕೂಡ ನ್ಯೂಟ್ರಾನುಗಳಡಿಯಲ್ಲಿ ವಿಕಿರಣಶೀಲ ತ್ಯಾಜ್ಯವಾಗುತ್ತದೆ. ಸಮುದ್ರದಷ್ಟು ಇಂಧನ ಎನ್ನುವ ಪಾಠದಲ್ಲಿ ಈ ಲೋಹದ ಹೆಸರು ಒಮ್ಮೆಯಾದರೂ ಬರಬೇಡವೆ?

ಭಾರತ 2005ರ ಕೊನೆಯಲ್ಲಿ ಐಟರ್ ಸೇರಿತು. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆ ಐಟರ್‌ನಲ್ಲಿ ಪರೀಕ್ಷಿಸಲೆಂದು ರೂಪಿಸಿದ ಹೊದಿಕೆಯಲ್ಲಿ ಬೆರಿಲಿಯಮ್ ಇಲ್ಲ. ಸೀಸ ಮತ್ತು ಲಿಥಿಯಮ್‌ಗಳ ದ್ರವ ಮಿಶ್ರಲೋಹ ಅಲ್ಲಿ ನ್ಯೂಟ್ರಾನುಗಳನ್ನು ಹೆಚ್ಚಿಸುತ್ತದೆ, ಜೊತೆಗೆ ಲಿಥಿಯಮ್ ಸೆರಾಮಿಕ್ ಗುಂಡುಗಳಿವೆ. ಸೀಸದ ದಾರಿ ಹಿಡಿದವರಿಗೆ ಉಬ್ಬುವ ಲೋಹದ ಚಿಂತೆ ತಪ್ಪಿತು. ದ್ರವ ಸೀಸ-ಲಿಥಿಯಮ್‌ನಲ್ಲಿಯೂ ಹೈಡ್ರೊಜನ್ನಿನ ದ್ರಾವ್ಯತೆ ಬಹಳ ಕಡಿಮೆ. ಅಲ್ಲಿ ಟ್ರಿಟಿಯಮ್ ಉಳಿಯುವುದಿಲ್ಲ, ಬದಲಿಗೆ ಬಿಸಿ ಉಕ್ಕಿನ ಕೊಳವೆಗಳ ಮೂಲಕ ನುಸುಳಿ ಹೊರಗೆ ಹೋಗಲು ನೋಡುತ್ತದೆ. ಅದನ್ನು ತಡೆಯಲು ಕೊಳವೆಯ ಮೇಲೆ ಹಚ್ಚುವ ಲೇಪಗಳಲ್ಲಿ ಹೆಚ್ಚು ಪ್ರಯೋಗಕ್ಕೆ ಒಳಗಾಗಿರುವುದು ಅಲ್ಯೂಮಿನಿಯಮ್ ಆಕ್ಸೈಡ್. ಬೆರಿಲಿಯಮ್ ಅಳತೆಗಳನ್ನು ಕೆಡಿಸಿದ ಆಕ್ಸೈಡ್ ಪೊರೆಯಂಥದೇ ಒಂದು ಪೊರೆ ಇಲ್ಲಿ ಕಾವಲಿಗೆ ನಿಂತಿದೆ.